ಕರಿಯನ ಬಾಯಿಯ ರಕ್ತ

ಕಳೆದ ವಾರ ನನ್ನ ನಾಯಿ ಕೋವಿಯ ಗುಂಡಿಗೆ ಸಾಯಬೇಕಿತ್ತು. ಮಾಡಿದ ತಪ್ಪೇನು? ಗೆಳೆಯನ ಜೊತೆ ಆಟವಾಡಿದ್ದು.

ನಾನು ಮೂಡಿಗೆರೆ ಕಡೆಯ ಕಾಫಿ ಎಸ್ಟೇಟಿನ ಆಳುಗಳ ಮೇಸ್ತ್ರಿ ಎಂಬುದು ನಿಮಗೆ ಗೊತ್ತೇ ಇದೆ. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟು ಕತ್ತಿ ಹಿಡಿದವನು. (ನನ್ನ ಕಾಗುಣಿತವನ್ನು ಪತ್ರಿಕೆಯವರು ತಿದ್ದುತ್ತಾರೆ. ವಿಚಾರ ನನ್ನದೇ.) ಕರಿಯ ನನ್ನ ನಾಯಿ, ಊರ ಜಾತಿಯದು. ಜಿಮ್ಮಿ ನಮ್ಮ ಸಾಹುಕಾರರಾದ ಗೌಡರದು. ಸೀಮೆಗೆ ವಾಪಸು ಹೊರಟ ಇಂಗ್ಲಿಷ್ ದೊರೆಯೊಬ್ಬರಿಂದ ಕೊಂಡದ್ದು. ಕರಿಯನಿಗಿಂತ ಒಂದು ಗೇಣು ಎತ್ತರ.

ಬೆಳಿಗ್ಗೆ ಕಾಫಿ ಹರವುವ ಮುಂಚೆ ಕಣ ಇವೆರಡರದೇ. ಆ ದಿನ ಗೌಡರು ಬಂಗಲೆಯ ಮೆಟ್ಟಿಲಿಗೆ ಬಂದಾಗ ಜಿಮ್ಮಿ ಅಂಗಾತ ಬಿದ್ದಿತ್ತು. ಮೇಲೆ ಕರಿಯ. ಗುರ್ ಎನ್ನುತ್ತಿದ್ದ. ಬಾಯಿ ತುಂಬ ರಕ್ತ.

"ಮೇಸ್ತ್ರೀ! ನಿನ್ ನಾಯಿ ನನ್ ಜಿಮ್ಮೀನ ಕೊಲ್ತಾ ಇದ್ಯಲ್ಲೋ!" ಒಳಗೆ ಹೋದವರು ಕೋವಿ ಹಿಡಿದೇ ಬಂದರು.

ನಾನು ಅಡ್ಡ ನಿಂತೆ. "ತಡೀರಿ ಗೌಡ್ರೇ, ಅದು ಜಗಳ ಅಲ್ಲ. ಆಟ."

"ರಕ್ತ ಸೋರ್ತಿದೆ, ಆಟ ಅಂತೀಯಲ್ಲ ಮಾರಾಯ! ಆಚೆ ಸರಿ!"

ರಕ್ತ ನನಗೂ ಕಂಡಿತ್ತು. ಎಲ್ಲಿಂದ ಬಂತೋ ತಿಳಿಯಲಿಲ್ಲ. ಆದರೆ ಉಳಿದದ್ದೂ ಕಂಡಿತ್ತಲ್ಲ! ನಿಜವಾದ ಜಗಳದಲ್ಲಿ ನಾಯಿಯ ಮೈ ಕೊರಡಾಗುತ್ತದೆ, ಬಾಲ ಸೆಟೆದು ನಿಲ್ಲುತ್ತದೆ, ಕಣ್ಣು ಕದಲುವುದಿಲ್ಲ. ಇವುಗಳ ಮೈ ಒದ್ದೆ ಗೋಣಿಯಷ್ಟು ಸಡಿಲ. ಮುಂಗಾಲು ನೆಲಕ್ಕೂರಿ ಹಿಂಭಾಗ ಎತ್ತಿ ಕರೆಯುವುದು, ಓಡುವುದು. ದೊಡ್ಡದಾದ ಜಿಮ್ಮಿ ತಾನಾಗಿಯೇ ಕೆಳಗೆ ಬೀಳುವುದು. ಆಮೇಲೆ ಕರಿಯನ ಸರದಿ.

ಇದನ್ನೆಲ್ಲ ಕೋವಿಯ ಮುಂದೆ ಪಾಠ ಹೇಳಲಾಗುತ್ತದೆಯೇ? ಹೋಗಿ ಕರಿಯನ ಕತ್ತು ಹಿಡಿದು ಎಳೆದುಕೊಂಡೆ.

"ಈಗ ಜಿಮ್ಮೀನ ನೋಡಿ. ಹೆದರಿದ್ರೆ ನಿಮ್ ಹತ್ರ ಓಡ್ತಾನೆ. ಓಡಿದ್ರೆ ಕರಿಯನ್ನ ಹೊಡೀರಿ, ನಾನೇ ಹಿಡ್ಕೊಂಡಿರ್ತೀನಿ."

ಹೇಳಿದ ಮೇಲೆ ಹೊಳೆಯಿತು. ಯಜಮಾನರು ನಿಂತಿದ್ದಾರೆಂದು ಪ್ರೀತಿಯಿಂದಲೇ ಅತ್ತ ಓಡಿಬಿಟ್ಟರೆ?

ಜಿಮ್ಮಿ ಎದ್ದಿತು. ಮೈ ಕೊಡವಿತು. ಗೌಡರ ಕಡೆ ಎರಡು ಹೆಜ್ಜೆ ಇಟ್ಟಿತು. ನಿಂತಿತು. ತಿರುಗಿ ಸೀದಾ ಕರಿಯನ ಮುಂದೆ ಬಂದು ಮುಂಗಾಲು ಚಾಚಿ ಒಮ್ಮೆ ಬೊಗಳಿತು. ಯಾಕೆ ನಿಲ್ಲಿಸಿದೆ ಎಂದು!

ಕೋವಿ ಕೆಳಗಿಳಿಯಿತು.

ಕರಿಯನ ಬಾಯಿ ಬಿಡಿಸಿ ನೋಡಿದೆ. ಹರಿದದ್ದು ಅವನದೇ ತುಟಿ. ಜಿಮ್ಮಿಯ ಕತ್ತಿನ ಕೂದಲು ಸರಿಸಿದರೆ ಕಬ್ಬಿಣದ ಮುಳ್ಳಿನ ಪಟ್ಟಿ! ಚಿರತೆ ಕತ್ತು ಹಿಡಿಯದಿರಲೆಂದು ನಮ್ಮ ಕಡೆ ಸಂಜೆ ಕಟ್ಟುತ್ತೇವೆ, ಬೆಳಗಾದರೆ ಬಿಚ್ಚುತ್ತೇವೆ. ಜಿಮ್ಮಿಗೆ ಕಟ್ಟುವವರೂ ಬಿಚ್ಚುವವರೂ ಗೌಡರೇ. ಬೇರೆಯವರು ಮುಟ್ಟುವ ಹಾಗಿಲ್ಲ. ಅವತ್ತು ಮರೆತಿದ್ದರು.

ಗೌಡರೇ ಬಗ್ಗಿ ಪಟ್ಟಿ ಬಿಚ್ಚಿದರು. ಆಮೇಲೆ, "ನಾಯಿ ಓದೋದು ನಿಂಗ್ಯಾರು ಕಲಿಸಿದ್ರೋ?" ಎಂದರು.

"ಕಚ್ಚೋದನ್ನ ಮಾತ್ರ ನೋಡಬಾರ್ದು ಗೌಡ್ರೇ. ಕಚ್ಚಿಸ್ಕೊಂಡೋನು ಏನಂತಾನೆ, ಅದ್ನೂ ನೋಡ್ಬೇಕು."

ನ್ಯಾಯ ಹೇಳುವ ನಮ್ಮಲ್ಲಿ ಎಷ್ಟು ಜನ ಅಷ್ಟು ಹೊತ್ತು ಕಾಯುತ್ತೇವೆ?

ಮೆಟ್ಟಿಲು ಹತ್ತುತ್ತಾ ಗೌಡರು ತಿರುಗಿದರು. "ಸಿಟ್ಟು ಬಂತೇನೋ ಮೇಸ್ತ್ರಿ?"

"ಛೇ, ಎಂಥ ಸಿಟ್ಟು ಗೌಡ್ರೇ!" ಎಂದು ಹಲ್ಲು ಬಿಟ್ಟೆ.

ಇಂಥ ಸುಳ್ಳು ಹೇಳುವ ನಾಯಿಯನ್ನು ನೀವೆಲ್ಲಾದರೂ ಕಂಡಿದ್ದೀರಾ?