ಭುಜ ವಾಸಿಯಾದ ಮೇಲೂ

ಐವತ್ತಮೂರನೇ ವಯಸ್ಸಿನಲ್ಲಿ ನನ್ನ ಬಲಭುಜ ಬಿಗಿದುಕೊಂಡಿತು. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು ನಾನು. ಮೊದಲು ಬೋರ್ಡಿನ ಮೇಲ್ತುದಿಯಲ್ಲಿ ಬರೆಯುವುದು ನಿಂತಿತು, ಆಮೇಲೆ ಜಡೆ ಹೆಣೆದುಕೊಳ್ಳುವುದು. ಮದುವೆಯಾಗಿಲ್ಲ. ಗೌರಿಬಿದನೂರಿನಿಂದ ವರ್ಗವಾಗಿ ಬಂದಾಗಿನಿಂದ ಬಾಡಿಗೆ ಮನೆಯಲ್ಲಿ ಒಬ್ಬಳೇ. ಜಡೆ ಹಾಕಿಕೊಡಿ ಎಂದು ದಿನಾ ಪಕ್ಕದ ಮನೆಯ ಬಾಗಿಲು ತಟ್ಟಲು ಸಂಕೋಚವಾಗಿ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಚೆನ್ನಾಗಿದೆ ಎಂದರು. ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಚಿಕ್ಕಬಳ್ಳಾಪುರದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಭಾನುವಾರ ಬೆಳಿಗ್ಗೆ ಹೋಗತೊಡಗಿದೆ. ಅಲ್ಲಿಗೆ ಹೊಸದಾಗಿ ಇನ್‌ಫ್ರಾರೆಡ್ ಸೌನಾ ಬಂದಿತ್ತು. ಬೀರುವಿಗಿಂತ ಸ್ವಲ್ಪ ದೊಡ್ಡದಾದ ಮರದ ಕೋಣೆ, ಗಾಜಿನ ಬಾಗಿಲು, ಒಳಗೆ ಇಬ್ಬರು ಕೂರುವಷ್ಟು ಬೆಂಚು. ಹಬೆ ಇಲ್ಲ. ಗೋಡೆಯ ಫಲಕಗಳಿಂದ ಶಾಖ ನೇರವಾಗಿ ಮೈಗೆ ತಾಗುತ್ತದೆ, ಚಳಿಗಾಲದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತ ಹಾಗೆ. ಕೊಬ್ಬು ಕರಗುತ್ತದೆ, ಮೈಯ ವಿಷ ಹೊರಹೋಗುತ್ತದೆ ಎಂದು ಹೊರಗೆ ಬೋರ್ಡು ಹಾಕಿದ್ದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಬಿ.ಪಿ. ನೋಡಿ, ಒಂದು ಲೋಟ ನೀರು ಕುಡಿಸಿ ಹೇಳಿದಳು: "ಬೋರ್ಡಲ್ಲಿರೋದನ್ನ ನಂಬ್ಕೋಬೇಡಿ ಮೇಡಂ. ಬೆವರಲ್ಲಿ ಹೋಗೋದು ನೀರು, ಉಪ್ಪು ಅಷ್ಟೇ. ಶಾಖಕ್ಕೆ ಮಾಂಸಖಂಡ ಸಡಿಲ ಆಗುತ್ತೆ, ನೋವು ಸ್ವಲ್ಪ ತಗ್ಗಬಹುದು, ನಿದ್ದೆ ಬರಬಹುದು. ಕೈ ಮೇಲೇಳಬೇಕು ಅಂದ್ರೆ ವ್ಯಾಯಾಮನೇ ಮಾಡ್ಬೇಕು. ತಲೆ ತಿರುಗಿದ್ರೆ ತಕ್ಷಣ ಆಚೆ ಬಂದ್ಬಿಡಿ."

ಭಾನುವಾರ ಜನ ಹೆಚ್ಚು. ಹಾಗಾಗಿ ಹೆಂಗಸರನ್ನು ಇಬ್ಬಿಬ್ಬರಾಗಿ ಕೂರಿಸುತ್ತಿದ್ದರು. ನನ್ನ ಜೊತೆಗೆ ಸಿಕ್ಕಿದವಳು ಜಂಗಮಕೋಟೆಯ ರೈತ ಮಹಿಳೆ, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ರೇಷ್ಮೆ ಹುಳಕ್ಕೆ ಹಾಕುವ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹೊತ್ತು ಅವಳ ಸೊಂಟ ಹಿಡಿದಿತ್ತು. ಕೂತ ಕೂಡಲೇ ಮಾತು ಶುರು.

"ಚಳಿಗಾಲದಲ್ಲಿ ಹುಳಕ್ಕೆ ಬಿಸಿ ಬೇಕು ಅಂತ ಹುಳದ ಮನೇಲಿ ಹೀಟರ್ ಇಡ್ತೀವಿ. ಈಗ ನಮ್ಮನ್ನೇ ತಂದು ಇಟ್ಟವ್ರೆ ನೋಡಿ ಅಕ್ಕ."

ನಾನು ನಕ್ಕೆ. ಭಾನುವಾರ ನಾನು ಬಾಯಿ ಬಿಡುವುದೇ ಅಪರೂಪ. ಹಾಲು ತೆಗೆದುಕೊಂಡರೆ ಎರಡು ಮಾತು, ಅಷ್ಟೇ. ಸೌನಾದಲ್ಲಿ ಕೂರುವ ಇಪ್ಪತ್ತು ನಿಮಿಷದಲ್ಲಿ ಸೊಸೆಯ ಬಾಣಂತನ, ಹಸುವಿನ ಕೆಚ್ಚಲು ಬಾವು, ಗೂಡಿನ ಮಾರುಕಟ್ಟೆ ಎಲ್ಲ ಬಂದು ಹೋಗುತ್ತಿತ್ತು. ಮೂರನೇ ವಾರ ಅವಳು ಇದ್ದಕ್ಕಿದ್ದಂತೆ ನನ್ನ ಭುಜದ ಮೇಲೆ ಹೆಬ್ಬೆರಳು ಊರಿ, "ಇಲ್ಲೇನಾ ನೋವು?" ಎಂದು ಒತ್ತಿದಳು. ಬೆವರಿನ ಕೈ, ಒರಟು ಬೆರಳು. ಅಮ್ಮ ಹೋದ ಮೇಲೆ ನನ್ನನ್ನು ಯಾರಾದರೂ ಹಾಗೆ ಮುಟ್ಟಿದ್ದರೇ ಎಂದು ನೆನೆಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಬೆವರಿನಲ್ಲಿ ಅವಳಿಗೆ ಗೊತ್ತಾಗಲಿಲ್ಲ.

ಎರಡು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಅಟ್ಟದ ಮೇಲಿನ ಅವಲಕ್ಕಿ ಡಬ್ಬ ಇಳಿಸಿದ ಮೇಲೆ ಹೊಳೆಯಿತು, ಬಲಗೈಯಲ್ಲೇ ಇಳಿಸಿದ್ದೆ. ಆ ಭಾನುವಾರ ಡಾಕ್ಟರು ಕೇಳಿದಾಗ ಮಾತ್ರ, "ಇನ್ನೂ ಹಿಡ್ಕೊಂಡಿದೆ ಕಣಮ್ಮ" ಎಂದು ಕೈಯನ್ನು ಅರ್ಧಕ್ಕೇ ನಿಲ್ಲಿಸಿದೆ. ಸುಳ್ಳು ಹೇಳಬಾರದು ಎಂದು ಮಕ್ಕಳಿಗೆ ಪಾಠ ಹೇಳುವವಳು ನಾನು. ಅದಾದ ಮೇಲೆ ಎರಡು ವಾರ ಜಂಗಮಕೋಟೆಯವಳು ಬರಲಿಲ್ಲ. ಗಾಜಿನ ಬಾಗಿಲ ಹಿಂದೆ ಒಬ್ಬಳೇ ಕೂತೆ. ಅದೇ ಶಾಖ. ಇಪ್ಪತ್ತು ನಿಮಿಷ ಮುಗಿಯುವಂತಿರಲಿಲ್ಲ.

ಮೂರನೇ ಭಾನುವಾರ ಕ್ಲಿನಿಕ್ಕಿಗೆ ಹೋಗದೆ ಜಂಗಮಕೋಟೆಯ ಬಸ್ಸು ಹತ್ತಿದೆ. ಹಾಲಿನ ಡೇರಿಯ ಎದುರು ಮನೆ ಎಂದಿದ್ದಳು. ಅವಳಿಗೆ ಏನಾದರೂ ಆಗಿದೆಯೇನೋ ಎಂದು ದಾರಿಯುದ್ದಕ್ಕೂ ಭಯಪಟ್ಟೆ.

ಏನೂ ಆಗಿರಲಿಲ್ಲ. ಸೊಪ್ಪಿನ ಕಂತೆ ಹಿಡಿದು ಹುಳದ ಮನೆಯ ಬಾಗಿಲಲ್ಲೇ ನಿಂತಿದ್ದಳು.

"ಅಯ್ಯೋ ಅಕ್ಕ, ಬನ್ನಿ ಬನ್ನಿ. ಸೊಂಟ ವಾಸಿಯಾಯ್ತು, ಇನ್ಯಾಕೆ ಬರ್ಲಿ ಅಂತ ಬಿಟ್ಬಿಟ್ಟೆ. ಹುಳ ಬೇರೆ ದೊಡ್ಡವಾಗವೆ, ತಿನ್ನೋದೇ ತಿನ್ನೋದು. ನಿಮ್ಮ ಕೈ ಹೆಂಗೈತೆ?"

ಎರಡು ವಾರ ಕ್ಲಿನಿಕ್ಕಿನಲ್ಲಿ ಒಬ್ಬಳೇ ಕೂತೆ ಎನ್ನುತ್ತ ನಾನು ಕೈಯನ್ನು ಪೂರ್ತಿ ಮೇಲೆತ್ತಿ ತೋರಿಸಿದೆ.

"ಚೆನ್ನಾಗೈತಲ್ಲ. ಮತ್ತೆ ನೀವ್ಯಾಕೆ ಇನ್ನೂ ಹೋಗ್ತೀರಿ?"

ನಾನು ಕೈ ಇಳಿಸಿ ಸೆರಗು ಸರಿಮಾಡಿಕೊಂಡೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ, "ಕೈಕಾಲು ತೊಳ್ಕೊಂಡು ಒಳಕ್ಕೆ ಬನ್ನಿ" ಎಂದಳು. ತೊಳೆದು ಬಂದೊಡನೆ ಸೊಪ್ಪಿನ ಕಂತೆಯನ್ನು ನನ್ನ ತೋಳಿಗೆ ಹಾಕಿದಳು. ಅವಳ ಗಂಡ, ಸೊಸೆ, ನಾನು ಒಂದೊಂದು ಸಾಲು ಹಿಡಿದು ಹುಳಗಳಿಗೆ ಸೊಪ್ಪು ಹರಡಿದೆವು. ಯಾರಿಗೂ ಮಾತಿಗೆ ಪುರುಸೊತ್ತಿರಲಿಲ್ಲ. ಊಟ ಮಾಡಿಸಿ ಬಸ್ಸಿನವರೆಗೆ ಬಂದು ಬಿಟ್ಟಳು. ಮತ್ತೆ ಬನ್ನಿ ಎಂದಳು. ಹಾಗೆ ಎಲ್ಲರೂ ಅನ್ನುತ್ತಾರೆ.

ಮರುವಾರ ಡಾಕ್ಟರಿಗೆ ನಿಜ ಹೇಳಿದೆ. ಅವಳು ಖುಷಿಯಾಗಿ, ಇನ್ನು ಬರುವುದು ಬೇಡ, ವ್ಯಾಯಾಮ ಮಾತ್ರ ಬಿಡಬೇಡಿ ಎಂದಳು. ಆಮೇಲೆ ಮೂರು ಭಾನುವಾರ ಎಂದಿನ ಹೊತ್ತಿಗೇ ಸ್ನಾನ ಮಾಡಿ, ಸೀರೆ ಉಟ್ಟು, ಹೋಗುವ ಜಾಗವಿಲ್ಲದೆ ಮಂಚದ ಮೇಲೆ ಕೂತೆ. ಜಂಗಮಕೋಟೆ ನೆನಪಾಗುತ್ತಿತ್ತು. ಯಾವ ನೆಪ ಹೇಳಿಕೊಂಡು ಹೋಗುವುದು ಎಂದು ಸುಮ್ಮನಾಗುತ್ತಿದ್ದೆ.

ನಾಲ್ಕನೇ ಭಾನುವಾರ, ಹೇಳಿಕೊಳ್ಳಲು ಏನೂ ಇಲ್ಲದೆಯೇ ಬಸ್ ಸ್ಟ್ಯಾಂಡಿಗೆ ಹೊರಟೆ.