ಉಸ್ತಾದರ ಕಿವಿ

ಬಸಪ್ಪ ಉಸ್ತಾದರೇ, ಅಂದು ನಾನು ಕೂಗಿರಲಿಲ್ಲ. ಒಂದು ಸಲವೂ ಇಲ್ಲ. ಮೂರು ಸಲ ಕೂಗಿದೆ ಎಂದು ವಿಚಾರಣೆಯಲ್ಲಿ ಹೇಳಿದ್ದು ಸುಳ್ಳು.

ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ನಿಮ್ಮ ಮನೆಯವರೂ ಓದಲಿ. ಉಗಿಬಂಡಿಯ ಕೊನೆಯ ವರ್ಷಗಳವು. ಗ್ಲಾಸ್ಗೋದಲ್ಲಿ ಹುಟ್ಟಿ ಕೊಪ್ಪಳದ ಬಿಸಿಲಲ್ಲಿ ಮುಪ್ಪಾದ ನಮ್ಮ ಎಂಜಿನ್ನಿಗೆ ಎಕ್ಸ್‌ಪ್ರೆಸ್ ಎಳೆಯುವ ಮರ್ಯಾದೆ ಇನ್ನೂ ಉಳಿದಿತ್ತು. ನೀವು ಡ್ರೈವರ್. ನಾನು ಕಲ್ಲಿದ್ದಲು ಹಾಕುವ, ಬಾಯ್ಲರಿನ ನೀರು ಕಾಯುವ ಫೈರ್‌ಮನ್. ಕಣ್ಣು ಮುಚ್ಚಿ, ಬರೀ ಸದ್ದಿನಿಂದಲೇ ಎಂಜಿನ್ನಿನ ಕಾಯಿಲೆ ಹೇಳುತ್ತಿದ್ದಿರಿ.

ಆ ಮಧ್ಯಾಹ್ನ ನಾನು ಹೊಸ ಬಿಳಿ ಅಂಗಿ ತೊಟ್ಟಿದ್ದೆ. ಮುನಿರಾಬಾದ್ ಪ್ಲಾಟ್‌ಫಾರ್ಮಿನಲ್ಲಿ ಹೆಣ್ಣಿನ ತಂದೆ ವರನನ್ನು ನೋಡಲು ನಿಲ್ಲುವವರಿದ್ದರು — ಗಾಡಿ ನಿಲ್ಲುವ ಎರಡು ನಿಮಿಷದಲ್ಲಿ ಅವರು ಅಳಿಯನನ್ನು ಆರಿಸಬೇಕಿತ್ತು.

“ಮದಿಮಗ ಆಗಿ ಬಂದೀಯಲ್ಲೋ ತಮ್ಮಾ! ಎಂಜಿನ್ನಿಗೂ ಒಂದು ಬಾಸಿಂಗ ಕಟ್ಟಬೇಕಿತ್ತು,” ಎಂದು ನಕ್ಕಿರಿ. ಗಿಣಿಗೇರಾ ದಾಟಿದ ಮೇಲೆ ಕೇಳಿದಿರಿ: “ನೀರು ನೋಡಿದೇನು?”

“ಭರ್ತಿ ಐತ್ರಿ, ಉಸ್ತಾದ್.”

ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಪೂರ್ತಿ ತುಂಬಿದರೂ ಪೂರ್ತಿ ಬರಿದಾದರೂ ಒಂದೇ ಥರ ಕಾಣುತ್ತದೆ. ಯಾವುದೆಂದು ತಿಳಿಯಲು ಕೆಳಗಿನ ನಲ್ಲಿ ತಿರುಗಿಸಬೇಕು. ತಿರುಗಿಸಿದರೆ ಕೊಳೆನೀರು ಮೈಗೆ ಸಿಡಿಯುತ್ತದೆ. ನಾನು ಅಂಗಿ ನೋಡಿಕೊಂಡೆ. ನಲ್ಲಿ ಮುಟ್ಟಲಿಲ್ಲ.

ಕೊಳವೆ ಬರಿದಾಗಿತ್ತು. ಮುನಿರಾಬಾದಿಗೆ ಮೊದಲೇ, ನೀರು ಬತ್ತಿದರೆ ಕರಗಲೆಂದೇ ಬಾಯ್ಲರಿಗೆ ಇಟ್ಟ ಸೀಸದ ಬಿರಡೆ ಕರಗಿತು. ಉಗಿ ನುಗ್ಗಿ ಬೆಂಕಿ ಆರಿತು. ಎಕ್ಸ್‌ಪ್ರೆಸ್ ಎಂಬ ಬಿರುದು ಹೊತ್ತ ಗಾಡಿ ಜೋಳದ ಹೊಲದ ನಡುವೆ ನಿಂತಿತು. ಸುದ್ದಿ ಕೇಳಿ ಸ್ಟೇಷನ್ನಿನಿಂದ ಹಳಿಗುಂಟ ನಡೆದು ಬಂದ ಹೆಣ್ಣಿನ ತಂದೆ, ಅಡಿಯಿಂದ ಮುಡಿವರೆಗೆ ಮಸಿಯಾದ ನನ್ನನ್ನು ಕಂಡು, ದುಡಿಯುವವನೆಂದು ಒಪ್ಪಿಕೊಂಡರು. ಅಂಗಿಯ ಅಗತ್ಯವೇ ಇರಲಿಲ್ಲ.

ವಿಚಾರಣೆಯಲ್ಲಿ ನಾನೆಂದೆ: “ನೀರು ಇಳಿಯೂದು ನೋಡಿ ಮೂರು ಸಲ ಕೂಗೀನ್ರಿ. ಉಸ್ತಾದರಿಗೆ ಕೇಳಿಸಲಿಲ್ಲ.” ನೀವು ಸಿಟ್ಟಾಗುತ್ತೀರೆಂದು ಕಾದಿದ್ದೆ. ನೀವೋ — ನನ್ನ ಮುಖ ನೋಡಿ, ಮೆಲ್ಲಗೆ ಕಿವಿ ಮುಟ್ಟಿಕೊಂಡಿರಿ.

“ಕೂಗಿರಬೇಕ್ರಿ ಸಾಹೇಬ್ರ. ಇಂವ ಸುಳ್ಳು ಹೇಳಾಂವ ಅಲ್ಲ. ನನ್ನ ಕಿವಿನ ಹೋಗ್ಯಾವ.”

ನೀವಾಗಿಯೇ ಬರೆದುಕೊಟ್ಟು ಎಕ್ಸ್‌ಪ್ರೆಸ್ ಬಿಟ್ಟಿರಿ. ಯಾರ್ಡಿನಲ್ಲಿ ಖಾಲಿ ಡಬ್ಬಿ ಜೋಡಿಸುವ ಕೆಲಸಕ್ಕೆ ಹೋದಿರಿ. ಆ ಎಂಜಿನ್ನಿನ ಕಡೆಯ ಓಟದ ದಿನ, ಚೆಂಡುಹೂವಿನ ಹಾರದ ಪಕ್ಕ ನಿಂತು ಫೋಟೋ ತೆಗೆಸಿಕೊಂಡವನು ನಾನು. ನೀವು ಕೆಳಗೆ ನಿಂತು ಕೇಳಿದಿರಿ: “ಸೀಟಿ ಸಣ್ಣಗ ಆಗೇತೇನೋ ತಮ್ಮಾ, ಇಲ್ಲಾ ನನಗ ಹಂಗ ಕೇಳಸ್ತೈತೋ?”

ಸೀಟಿಯೇ ಸಣ್ಣಗಾಗಿತ್ತು, ಉಸ್ತಾದರೇ. ನಾನು ಕೇಳಿಸದವನಂತೆ ಹಾರ ಸರಿಮಾಡುತ್ತಿದ್ದೆ.

ಈಗ ವಯಸ್ಸಾಗಿ ನಿಮಗೆ ನಿಜವಾಗಿಯೇ ಕೇಳುವುದಿಲ್ಲ. ಹೋದ ಸಲ ಕೊಪ್ಪಳದ ಮನೆಗೆ ಬಂದಾಗ ಮೆಲುದನಿಯಲ್ಲಿ ಇದನ್ನೇ ಹೇಳಿ ನೋಡಿದೆ. “ಜೋರಾಗಿ ಹೇಳೋ,” ಎಂದಿರಿ. “ಚಹಾ ಭಾಳ ಛಲೋ ಆಗೇತ್ರಿ!” ಎಂದು ಕೂಗಿದೆ.

ಅದಕ್ಕೇ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ನಾಳೆ ಯಲಬುರ್ಗಾದಿಂದ ಮೊದಲ ಬಸ್ಸಿಗೆ ಬಂದು ಕೈಗೇ ಕೊಡುತ್ತೇನೆ. ನೀವು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತೇನೆ.