ಅತ್ತರು ಹಚ್ಚಿಸಿಕೊಂಡು ಬಂದ ನಿಯೋಗ

ಎದುರಿಗೆ ಯಾರೂ ಇಲ್ಲದಿದ್ದರೆ ನಾನು ಬಹಳ ಚೆನ್ನಾಗಿ ಮಾತಾಡುತ್ತೇನೆ. ಮಾನ್ವಿಯ ನನ್ನ ಒಂಟಿ ಕೋಣೆಯ ಗೋಡೆಗಳು ವಾರಗಟ್ಟಲೆ ನನ್ನ ಭಾಷಣ ಕೇಳಿವೆ. ಒಂದೂ ಅಡ್ಡ ಮಾತಾಡಲಿಲ್ಲ.

ಭಾಷಣದ ವಿಷಯ ನಮ್ಮ ಕನ್ನಡ ಶಾಲೆ. ಗುಡಿಯ ಪಡಸಾಲೆಯಲ್ಲಿ ನಾನು ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ಪರವಾನಗಿ ಇಲ್ಲದ ಶಾಲೆ, ಮುಚ್ಚಿ ಎಂದು ಆಗಿನ ಉರ್ದು ಸರ್ಕಾರದಿಂದ ಹುಕುಂ ಬಂತು. ಮುಚ್ಚಿದೆ. ನನಗೆ ಹೆಂಡತಿ ಮಕ್ಕಳಿಲ್ಲ. ಆ ಹುಡುಗಿಯರ ಗದ್ದಲವೇ ನನ್ನ ಸಂಸಾರವಾಗಿತ್ತು. ಅದು ನಿಂತ ಮೇಲೆ ಮಧ್ಯಾಹ್ನಗಳು ಎಷ್ಟು ಉದ್ದವೆಂದು ತಿಳಿಯಿತು.

ರಾಯಚೂರಿನಲ್ಲಿ ಶಾಸನ ಸಭೆಯ ಮೆಂಬರ್ ಸಾಹೇಬರೊಬ್ಬರಿದ್ದರು. ಅವರನ್ನು ಕಂಡು, ಅವರಿಂದ ಸಭೆಯಲ್ಲಿ ಒಂದು ಮಾತು ಆಡಿಸಿ ಪರವಾನಗಿ ತರಬೇಕೆಂದು ಊರ ಹಿರಿಯರು ಠರಾವು ಮಾಡಿದರು. ನಿಯೋಗಕ್ಕೆ ನಾಲ್ಕು ಮಂದಿ. ಹೊರಡುವ ದಿನ ದೇವದುರ್ಗದ ವಕೀಲರಿಗೆ ಕೆಲಸ ಬಂತು, ಸಿರವಾರದ ಸಾವುಕಾರರಿಗೆ ಜ್ವರ ಬಂತು, ನಮ್ಮೂರ ಆಚಾರ್ಯರಿಗೆ ಆ ದಿನ ಪ್ರಯಾಣಕ್ಕೆ ಒಳ್ಳೆಯದಲ್ಲವೆಂದು ಗೊತ್ತಾಯಿತು. ಬಸ್ಸು ಹತ್ತಿದವನು ನಾನೊಬ್ಬನೇ.

ಎರವಲು ಶೇರವಾನಿ ತೊಟ್ಟು ಸಾಹೇಬರ ದಿವಾನಖಾನೆಯಲ್ಲಿ ಕುಳಿತೆ. ದೊಡ್ಡವರ ಮುಂದೆ ನಾವಾಗಿ ವಿಷಯ ಎತ್ತಬಾರದು, ಅವರೇ ಕೇಳಬೇಕು ಎಂದು ಚಿಕ್ಕಂದಿನಿಂದ ಕಲಿತವನು ನಾನು. ಸಾಹೇಬರು ಒಳ್ಳೆಯವರು. ಮಾನ್ವಿಯ ಕಡೆ ಬೆಳೆ ಹೇಗಿದೆ ಎಂದು ವಿಚಾರಿಸಿದರು. ನನ್ನ ಹಲ್ಲುನೋವಿಗೆ ಲವಂಗ ಹೇಳಿದರು. ಬಂದ ಕಾರಣ ಮಾತ್ರ ಕೇಳಲಿಲ್ಲ; ಮನೆಗೆ ಬಂದವರನ್ನು ಏಕೆ ಬಂದಿರೆಂದು ಕೇಳುವುದು ಅವರಲ್ಲಿ ಅಮರ್ಯಾದೆಯಂತೆ. ಹೀಗೆ ಇಬ್ಬರು ಮರ್ಯಾದಸ್ಥರು ಎದುರುಬದುರು ಕುಳಿತು ಒಂದು ಶಾಲೆಯನ್ನು ಮುಳುಗಿಸಿದೆವು.

ಕೊನೆಗೆ ಬೆಳ್ಳಿ ತಟ್ಟೆಯಲ್ಲಿ ಪಾನ್ ಬಂತು. ಕೈಗೆ ಅತ್ತರು ಸವರಿದರು. ಉಪಚಾರ ಮುಗಿಯಿತು, ಇನ್ನು ವಿಷಯ ಶುರು ಎಂದುಕೊಂಡು ನಾನು ಗಂಟಲು ಸರಿಮಾಡಿಕೊಂಡೆ. ಸಾಹೇಬರು ಎದ್ದು ನಿಂತು ಸಲಾಮು ಮಾಡಿದರು. ಪಾನು, ಅತ್ತರು ಬಂದವೆಂದರೆ ಭೇಟಿ ಮುಗಿಯಿತೆಂದೇ ಅರ್ಥ ಎಂದು ಬಾಗಿಲ ಜವಾನ ಹೇಳಿದ ಮೇಲೆ ತಿಳಿಯಿತು. ಪರವಾನಗಿಗೆಂದು ಬರೆದೊಯ್ದಿದ್ದ ದರಖಾಸ್ತು ಕಿಸೆಯಲ್ಲೇ ಇತ್ತು.

ಚರಿತ್ರೆಯಲ್ಲಿ ರಾಯಭಾರಿಗಳು ಯುದ್ಧ ತಪ್ಪಿಸಿದ್ದಾರೆ, ರಾಜ್ಯ ಉಳಿಸಿದ್ದಾರೆ. ಬಾಯಿತುಂಬ ಪಾನ್ ಇಟ್ಟುಕೊಂಡು ಸುಮ್ಮನೆ ಮರಳಿದ ರಾಯಭಾರಿಯ ಬಗ್ಗೆ ಯಾರೂ ಬರೆದಿಲ್ಲ. ಬಸ್ಸಿನಲ್ಲಿ ಜನ ನನ್ನ ಘಮಘಮಕ್ಕೆ ತಿರುಗಿ ನೋಡಿ, ಯಾರೋ ದೊಡ್ಡವರೆಂದು ಅತ್ತ ಸರಿದು ಕುಳಿತರು. ಅಷ್ಟು ಒಂಟಿ ನಾನೆಂದೂ ಆಗಿರಲಿಲ್ಲ.

ಮರುದಿನ ಬಾಗಲವಾಡದಿಂದ ಬಸವ್ವ ಬಂದಳು. ಗಂಡನಿಲ್ಲದ ಹೆಂಗಸು, ಮಗಳನ್ನು ಓದಲೆಂದೇ ಮಾನ್ವಿಯ ತವರಿನಲ್ಲಿ ಬಿಟ್ಟಿದ್ದಳು. ಸಾಹೇಬರು ಏನೆಂದರು ಎಂದು ಕೇಳಿದಳು. ನಡೆದದ್ದನ್ನು ಇದ್ದಂತೆ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ.

“ನಾಳಿ ಮತ್ತ ಹೋಗೂಣ್ರೀ ಮಾಸ್ತರ. ನಾನೂ ಬರ್ತೀನಿ,” ಎಂದಳು. “ನನಗ ದೊಡ್ಡೋರ ರೀತಿ ಗೊತ್ತಿಲ್ರೀ. ಹೋದ ಕೂಡ್ಲೇ ಹೇಳಿಬಿಡ್ತೀನಿ.”

ನನ್ನ ಕಣ್ಣು ತುಂಬಿತು. ಹೋಗಿ ಬಾ ಎಂದು ಕಳಿಸಿದ್ದು ಇಡೀ ಊರು. ನಾನೂ ಬರ್ತೀನಿ ಎಂದವಳು ಅವಳೊಬ್ಬಳೇ.